ಅಪ್ಪನ ‘ಆಗಲಿ’ ಮತ್ತು ನನ್ನ ಸಮುದ್ರ

ನೀರಿನ ಹತ್ತಿರ ಹೋದಾಗಲೆಲ್ಲ ನಮ್ಮ ಮನೆಯವರಿಗೆ ಏನಾದರೊಂದು ಆಗಿಯೇ ಆಗುತ್ತದೆ. ನಮ್ಮದು ಚಿತ್ರದುರ್ಗದ ಕಡೆ. ಅಷ್ಟೊಂದು ನೀರನ್ನು ಒಟ್ಟಿಗೆ ನೋಡಿ ಅಭ್ಯಾಸವಿಲ್ಲ. ನಾನೀಗ ವಿಜಯವಾಡದಲ್ಲಿದ್ದೇನೆ. ಭಾನುವಾರ ಬಂತೆಂದರೆ ಇಂದ್ರಕೀಲಾದ್ರಿ ಬೆಟ್ಟದ ಕೆಳಗೆ ಕೃಷ್ಣೆಯಲ್ಲಿ ದೋಣಿ ಹತ್ತಿ ಗಾಳ ಹಿಡಿದು ಕೂರುತ್ತೇನೆ. “ಈ ಹುಚ್ಚು ಎಲ್ಲಿ ಹತ್ತಿತು ಮೇಡಂ?” ಎಂದು ಬೆಂಜ್ ಸರ್ಕಲ್ಲಿನ ನಮ್ಮ ಆಫೀಸಿನವರು ಕೇಳುತ್ತಾರೆ. ಹತ್ತಿದ್ದು ವಿಶಾಖಪಟ್ಟಣದಲ್ಲಿ, ನನ್ನ ಹದಿನೆಂಟನೇ ವಯಸ್ಸಿನಲ್ಲಿ.

ಆಟೋ

ಅಪ್ಪ ನೌಕಾಪಡೆಯ ಉಗ್ರಾಣದಲ್ಲಿ ಗುಮಾಸ್ತರು. ಊರಿನವರ ಬಾಯಲ್ಲಿ ‘ಹಡಗಿನ ಸಾಹೇಬ್ರು’. ಈ ಸಾಹೇಬರು ಅಲೆ ಕಾಲಿಗೆ ತಾಗಿದರೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುವವರು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ದುವ್ವಾಡ ಸ್ಟೇಷನ್ನಿಗೆ ಆಟೋ ಹತ್ತಿದೆವು. ಡ್ರೈವರ್ ದಾರಿಯುದ್ದಕ್ಕೂ ತೆಲುಗಿನಲ್ಲಿ ಏನೇನೋ ಕೇಳುತ್ತಿದ್ದ; ಅಪ್ಪ ಮರ್ಯಾದೆಗೆ “ಆಗಲಿ, ಆಗಲಿ” ಎನ್ನುತ್ತಿದ್ದರು. ಅಂದಾಗಲೆಲ್ಲ ಆಟೋ ಗಕ್ಕನೆ ನಿಲ್ಲುತ್ತಿತ್ತು. ತೆಲುಗಿನಲ್ಲಿ ‘ಆಗಾಲಿ’ ಅಂದರೆ ‘ನಿಲ್ಲಬೇಕು’ ಎಂದು ನಮಗೇನು ಗೊತ್ತು? ಐದನೇ ಸಲ ನಿಂತಾಗ ಅಪ್ಪ ನನ್ನ ಕಿವಿಯಲ್ಲಿ, “ಪಾಪ, ಗಾಡಿ ಸರಿ ಇಲ್ಲ ಕಣಮ್ಮ, ಏನೂ ಅನ್ನಬ್ಯಾಡ” ಎಂದರು.

ಲಾಗ

ಕಾಲೇಜಿನ ಗೆಳತಿಯ ತಂದೆ ಮೀನುಗಾರ. ಒಂದು ಬೆಳಿಗ್ಗೆ ಅವರ ಜನ ದಡದಲ್ಲಿ ನಿಂತು ದೊಡ್ಡ ಬಲೆ ಎಳೆಯುವುದನ್ನು ನೋಡಲು ಹೋದೆ. ಅವರು ನನ್ನ ಕೈಗೂ ಹಗ್ಗ ಕೊಟ್ಟು “ಲಾಗು! ಲಾಗು!” ಎಂದರು. ಚೂಡಿದಾರದಲ್ಲಿ ಲಾಗ ಹಾಕುವುದು ಹೇಗಪ್ಪಾ ಎಂದು ಬೆವತುಹೋದೆ. ಗೆಳತಿ ಹಗ್ಗ ಎಳೆದು ತೋರಿಸಿದ ಮೇಲೆ, ‘ಲಾಗು’ ಅಂದರೆ ‘ಎಳೆ’ ಎಂದು ಅರ್ಥವಾಯಿತು.

ಎಳೆದೆ. ಬಲೆ ಮೇಲೆ ಬಂತು. ಅಬ್ಬಾ! ಮರಳ ಮೇಲೆ ಸಾವಿರಾರು ಮೀನು, ಒಂದೊಂದೂ ಮಿರಮಿರ ಮಿಂಚುತ್ತಾ ಕುಣಿಯುತ್ತಿದ್ದವು. ಈ ನೀರಿನೊಳಗೆ ಇಷ್ಟೊಂದು ಇದೆಯೇ ಎಂದು ಮೈ ಜುಮ್ಮೆಂದಿತು. ಸುಮ್ಮನೆ ಕಣ್ಣು ತುಂಬಿತು. ನನ್ನ ಪಾಲಿಗೂ ಒಂದು ಮೀನು ಕೊಟ್ಟರು. ಹುಟ್ಟಾ ಸಸ್ಯಾಹಾರಿ ಅಮ್ಮ ಅದನ್ನು ದಿಟ್ಟಿಸಿ ನೋಡಿ, “ಇದೇನು, ಮನೇಲಿ ಸಾಕಾಕಾ?” ಎಂದಳು.

ದೋಣಿ

ಅಂದಿನಿಂದ ನನಗೆ ಒಂದೇ ಹಂಬಲ: ದೋಣಿಯಲ್ಲಿ ಕೂತು ಅಲೆ ದಾಟಬೇಕು. ನಿಮ್ಮಪ್ಪ ಬಂದು ಬಾಯಿಬಿಟ್ಟು ಹೇಳದೆ ಕರೆದೊಯ್ಯುವುದಿಲ್ಲ ಎಂದುಬಿಟ್ಟರು ಗೆಳತಿಯ ತಂದೆ. ಮಾತೆತ್ತಿದರೆ ಆಗಲಿ ಎನ್ನುವ ಅಪ್ಪ ಇದೊಂದಕ್ಕೆ ಮಾತ್ರ ಆರು ತಿಂಗಳು “ನೋಡಣ” ಎಂದರು. ಕೊನೆಗೊಂದು ಮುಂಜಾನೆ ದಡಕ್ಕೆ ಬಂದರು.

ನಾನು ಆಗಲೇ ದೋಣಿಯಲ್ಲಿ ಕೂತಿದ್ದೆ. ಮೋಟಾರು ಗುಡುಗುಡು ಎನ್ನುತ್ತಿತ್ತು. “ಅಮ್ಮಾಯಿನಿ ತೀಸ್ಕೆಳ್ಳನಾ ಸಾರ್?” ಹುಡುಗಿಯನ್ನು ಕರೆದೊಯ್ಯಲೇ ಎಂದು ಗೆಳತಿಯ ತಂದೆ ಕೇಳಿದರು. ಅಪ್ಪ ಸಮುದ್ರ ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡು “ಆಗಲಿ” ಎಂದರು.

ಮೋಟಾರು ನಿಂತಿತು.

“ಆಗಲಿ! ಆಗಲಿ!” ಅಪ್ಪ ಇನ್ನೂ ಜೋರಾಗಿ ಕೂಗಿದರು. ಗೆಳತಿಯ ತಂದೆ ನನಗೆ ಇಳಿಯಲು ಸನ್ನೆ ಮಾಡಿದರು. ನಾನು ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಅಪ್ಪನ ಬಾಯಿಂದಲೇ ಬರಬೇಕಂತೆ. ನನಗೆ ಅಳುವೇ ಬಂತು. “ಅಪ್ಪಾ, ಆಗಲಿ ಅನ್ನಬೇಡಿ! ಬೇರೆ ಏನಾದರೂ ಹೇಳಿ!”

ಅಪ್ಪ ತಮಗೆ ಗೊತ್ತಿದ್ದ ತೆಲುಗನ್ನೆಲ್ಲ ತಡಕಾಡಿದರು. ಏನೂ ಸಿಗಲಿಲ್ಲ. ಆಮೇಲೆ ಚಪ್ಪಲಿ ಸಮೇತ ಮೊಣಕಾಲುದ್ದ ನೀರಿಗಿಳಿದು ಬಂದರು. ದೋಣಿಯ ಪಕ್ಕಕ್ಕೆ ಎರಡು ಸಲ ಬಡಿದು, ಥೇಟ್ ಸಿಟಿ ಬಸ್ಸಿನ ಕಂಡಕ್ಟರನಂತೆ ಕೂಗಿದರು: “ರೈಟ್! ರೈಟ್!”