ಮೊದಲ ದರ್ಜೆಗೆ ಬಂದ ಮಾದಯ್ಯ

ದೇವಾಲ ಊರಿನ ಮೇಲಿನ ನಮ್ಮ ಎಲೆಗುಡ್ಡ ಟೀ ಫ್ಯಾಕ್ಟರಿಯಲ್ಲಿ ಎಲೆಯ ಗುಣಮಟ್ಟವನ್ನು ಬೆಳೆಗಾರನ ರಕ್ತ ನೋಡಿ ತೀರ್ಮಾನಿಸಲಾಗುತ್ತದೆ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಮಗೆ ಅಭ್ಯಾಸವಾಗಿದೆ.

ಆದದ್ದು ಇಷ್ಟೇ. ಟೀ ಎಲೆಯಲ್ಲಿರುವ ಕೆಲವು ಸಹಜ ಅಂಶಗಳು ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಸ್ವಲ್ಪ ತಗ್ಗಿಸಬಹುದು ಎಂದು ಮ್ಯಾನೇಜರ್ ಗಿರಿಧರನ್ ಎಲ್ಲೋ ಓದಿದರು. ‘ಸ್ವಲ್ಪ’ ಮತ್ತು ‘ಬಹುದು’ ಎಂಬ ಎರಡು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ, ‘ಹೃದಯಬಂಧು’ ಎಂದು ಹೆಸರಿಟ್ಟರು. ಯಾವ ತೋಟದ ಎಲೆಯಲ್ಲಿ ಆ ಅಂಶ ಎಷ್ಟಿದೆಯೆಂದು ತಿಳಿಯಲು ದೊಡ್ಡ ಯಂತ್ರ ಬೇಕಿತ್ತು. ರಕ್ತ ಪರೀಕ್ಷಿಸಲು ಲ್ಯಾಬಿನ ನಿವೇತಾ ಒಬ್ಬಳೇ ಸಾಕಿತ್ತು. ಹೀಗಾಗಿ ಎಲೆ ಶೆಡ್ಡಿನ ಗೋಡೆಗೆ ಪ್ರಕಟಣೆ ಬಿತ್ತು:

“ದಿನವಿಡೀ ಟೀ ಗಿಡಗಳ ನಡುವೆಯೇ ಇರುವ ಬೆಳೆಗಾರರ ಕೆಟ್ಟ ಕೊಲೆಸ್ಟ್ರಾಲ್ ನೂರಮೂವತ್ತನ್ನು ಮೀರಿದಲ್ಲಿ, ಸದರಿ ತೋಟದ ಎಲೆಯಲ್ಲಿ ಸತ್ವವಿಲ್ಲವೆಂದು ಭಾವಿಸತಕ್ಕದ್ದು. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು. ಎಲೆಗೆ ಈ ಷರತ್ತು ಅನ್ವಯಿಸುವುದಿಲ್ಲ.”

ಮಾದಯ್ಯನಿಗೆ ನೂರತೊಂಬತ್ತೆರಡು ಬಂತು.

ಈ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಎಲೆ ನೋಡಿದ ಗುಮಾಸ್ತ ನಾನು. ಎರಡೆಲೆ ಒಂದು ಕುಡಿ ಬಿಟ್ಟರೆ ಮೂರನೆಯ ಎಲೆಗೆ ಕೈ ಹಾಕದ ಮನುಷ್ಯ ಮಾದಯ್ಯ. ಒಂದೂವರೆ ಎಕರೆ ತೋಟ ಬಿಟ್ಟರೆ ಅವನಿಗೆ ಬೇರೆ ಗತಿಯಿಲ್ಲ. ಆವತ್ತು ಅವನ ಮೂರು ಮೂಟೆ ಎಲೆಯನ್ನು ನನ್ನ ಕೈಯಿಂದಲೇ ವಾಪಸ್ ಮಾಡಿಸಿದರು. ಇದು ಅನ್ಯಾಯ ಎಂದು ಬರೆದಿಡಬೇಕೆನಿಸಿತು. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

“ಸಾರ್, ನಾನು ಈ ಟೀ ಕುಡಿಯೋದೇ ಇಲ್ವಲ್ಲ,” ಅಂದ ಮಾದಯ್ಯ. “ಒಳ್ಳೇದೆಲ್ಲ ಕೂನೂರು ಹರಾಜಿಗೆ ಹೋಗುತ್ತೆ. ನಮ್ಮನೇಲಿ ಕುದಿಸೋದು ಅಂಗಡಿ ಡಸ್ಟ್ ಪುಡಿ.”

“ಕುಡಿಯೋ ವಿಷಯ ಬೇರೆ ಮಾದಯ್ಯನವರೇ. ಇದು ಗುಣಮಟ್ಟದ ವಿಷಯ,” ಎಂದು ಗಿರಿಧರನ್ ತಾಳ್ಮೆಯಿಂದ ತಿಳಿಹೇಳಿದರು.

ಕೀಳದಿದ್ದರೆ ಗಿಡ ಕೈಗೆಟುಕದಷ್ಟು ಬೆಳೆಯುತ್ತದೆ, ಕಿತ್ತರೆ ತೆಗೆದುಕೊಳ್ಳುವವರಿಲ್ಲ. ಮಾದಯ್ಯ ಕಿತ್ತ ಎಲೆಯನ್ನು ಗಿಡದ ಬುಡಕ್ಕೇ ಸುರಿಯತೊಡಗಿದ. ಅವನ ಹೆಂಡತಿ ಚನ್ನಾಜಮ್ಮನಿಗೆ ಎಲೆಗಿಂತ ಗಂಡನ ಜೀವದ್ದೇ ಚಿಂತೆ. ಮಾವ ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಗಂಡನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ದಿನಾ ಊಟವಾದ ಮೇಲೆ ಒಂದು ಮಾತ್ರೆ, ಕರಿದದ್ದು ಕಡಿಮೆ ಎಂದರು ಡಾಕ್ಟರ್ ತೇನ್‌ಮೊಳಿ. ಟೀ ಧಾರಾಳವಾಗಿ ಕುಡಿಯಿರಿ, ಆದರೆ ಮಾತ್ರೆಯ ಕೆಲಸವನ್ನು ಅದು ಮಾಡುವುದಿಲ್ಲ, ಯಾರು ಏನೇ ಹೇಳಿದರೂ ಮಾತ್ರೆ ಬಿಡಬೇಡಿ ಎಂದೂ ಸೇರಿಸಿದರು.

ಮೂರು ತಿಂಗಳಲ್ಲಿ ಕೊಲೆಸ್ಟ್ರಾಲ್ ತೊಂಬತ್ತಾರಕ್ಕೆ ಇಳಿಯಿತು. ಅದೇ ಗಿಡ, ಅದೇ ಎಲೆ, ಈಗ ಮೊದಲ ದರ್ಜೆ. ಇಷ್ಟು ಬೇಗ ಸತ್ವ ತುಂಬಿಕೊಂಡ ತೋಟವನ್ನು ನೋಡಲು ಗಿರಿಧರನ್ ಫೋಟೊದವನನ್ನು ಕರೆದುಕೊಂಡೇ ಬಂದರು. ತಿಂಗಳೊಳಗೆ ಪೊಟ್ಟಣದ ಮೇಲೆ ಮಾದಯ್ಯ ಲೋಟ ಹಿಡಿದು ನಿಂತಿದ್ದ. ಕೆಳಗೆ ದಪ್ಪಕ್ಷರದಲ್ಲಿ, “ಮಾತ್ರೆ ಬೇಡ, ಹೃದಯಬಂಧು ಸಾಕು.”

ಮಾದಯ್ಯ ಅದನ್ನು ಎರಡು ಸಲ ಓದಿದ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮ್ಯಾನೇಜರರ ಮೇಜಿನ ಮೇಲಿಟ್ಟ.

“ಹಂಗಾದ್ರೆ ಇದನ್ನ ಬಿಡಬೇಕಾ ಸಾರ್? ಬಿಟ್ರೆ ನನ್ನ ಜೀವ ಉಳಿಯಲ್ಲ ಅಂತಾಳೆ ನನ್ನ ಹೆಂಡ್ತಿ.”

ತುರ್ತು ಸಭೆ ಸೇರಿತು. ಮಾದಯ್ಯ ಮಾತ್ರೆ ನುಂಗಿದರೆ ಪೊಟ್ಟಣ ಸುಳ್ಳಾಗುತ್ತದೆ. ಬಿಟ್ಟರೆ ಎಲೆ ಕೆಡುತ್ತದೆ. ಇನ್ನೇನು, ರಕ್ತದ ನಿಯಮವನ್ನೇ ಕೈಬಿಡುತ್ತಾರೆ ಅಂದುಕೊಂಡೆ. ಹತ್ತೊಂಬತ್ತು ವರ್ಷ ನೌಕರಿ ಮಾಡಿಯೂ ನನಗೆ ಬುದ್ಧಿ ಬಂದಿರಲಿಲ್ಲ. ಸಭೆ ಒಮ್ಮತದಿಂದ ಹೀಗೆ ತೀರ್ಮಾನಿಸಿತು:

“ಗುಣಮಟ್ಟದ ಮಟ್ಟಿಗೆ ಶ್ರೀ ಮಾದಯ್ಯನವರು ತೋಟದ ಭಾಗವೇ ಆಗಿರುವುದರಿಂದ, ಅವರು ನುಂಗುವ ಮಾತ್ರೆಯನ್ನು ಔಷಧಿಯೆಂದು ಪರಿಗಣಿಸದೆ, ಗೊಬ್ಬರವೆಂದು ಪರಿಗಣಿಸತಕ್ಕದ್ದು.”

ಗೊಬ್ಬರದ ರಿಜಿಸ್ಟರಿನಲ್ಲಿ ಯೂರಿಯಾಕ್ಕೂ ಪೊಟಾಷಿಗೂ ನಡುವೆ ಸಾಲು ಬಿಡಿಸಿ ನಾನೇ ಅದನ್ನು ಬರೆದೆ. ನ್ಯಾಯವಾದ ತೀರ್ಮಾನ ಎಂದು ಶೆಡ್ಡಿನಲ್ಲಿ ಎಲ್ಲರೂ ಒಪ್ಪಿದರು.

ಮೊನ್ನೆ ಮಾದಯ್ಯನ ಮನೆಯಲ್ಲಿ ನನಗೆ ಊಟವಿತ್ತು. ಕೈ ತೊಳೆದು ಬಂದ ಗಂಡನನ್ನು ಚನ್ನಾಜಮ್ಮ ತಟ್ಟೆ ಎತ್ತುತ್ತಲೇ ಕೇಳಿದಳು:

“ತೋಟಕ್ಕೆ ಗೊಬ್ಬರ ಹಾಕಿದ್ರಾ?”

ಮಾದಯ್ಯ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಮೇಲೆ ಎರಡು ಗುಟುಕು ನೀರು ಕುಡಿದ.

“ಹಾಕಾಯ್ತು,” ಅಂದ.