ಆರ್ವಿಡನ ಎಂಟು ಗಂಟೆ

ಡುಲೂತ್ ಊರಿನ ಆರ್ವಿಡ್ ಲುಂಡೀನ್ ಮನೆಸಾಲದ ಅರ್ಜಿ ಬರೆಸಿಕೊಳ್ಳುವುದರಲ್ಲಿ ಪಳಗಿದ ಕೈ. ಆದರೆ ವರ್ಷಕ್ಕೆ ಎಂಟು ಗಂಟೆ ಪಾಠ ಕೇಳದಿದ್ದರೆ ಲೈಸೆನ್ಸ್ ನವೀಕರಣವಾಗುವುದಿಲ್ಲ. ಲೈಸೆನ್ಸ್ ಇಲ್ಲದೆ ಹೊಸ ವರ್ಷದಲ್ಲಿ ಒಂದು ಅರ್ಜಿಯನ್ನೂ ಮುಟ್ಟುವಂತಿಲ್ಲ. ಇಷ್ಟೆಲ್ಲ ಗೊತ್ತಿದ್ದ ಮಹಾನುಭಾವ ವರ್ಷವಿಡೀ ಮೀನು ಹಿಡಿದು, ಡಿಸೆಂಬರಿನ ಕೊನೆಯ ದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಪಾಠಕ್ಕೆ ಹೆಸರು ಕೊಟ್ಟ.

ಎಂಟಕ್ಕೆ ಪಾಠ ಶುರುವಾಯಿತು. ಕ್ಯಾಮೆರಾದ ಮುಂದಿನಿಂದ ಎದ್ದರೆ ಆ ಗಂಟೆ ವ್ಯರ್ಥ. ಎಂಟೂಕಾಲಿಗೆ ಪಕ್ಕದ ಮನೆಯ ವರ್ನಾ ಓವನ್ನಿನಲ್ಲಿ ಬೇಯಿಸುವ ಹಾಟ್‌ಡಿಷ್ ಎಂಬ ಅಡುಗೆಯ ಪಾತ್ರೆ ಹಿಡಿದು ಸೀದಾ ಒಳಗೆ ಬಂದಳು. ಎಪ್ಪತ್ತಾರರ ಈ ವಿಧವೆ ದೊಡ್ಡ ಮನೆ ಬಿಟ್ಟು ಸರೋವರದ ದಂಡೆಯಲ್ಲೊಂದು ಪುಟ್ಟ ಮನೆ ಗೊತ್ತು ಮಾಡಿಕೊಂಡಿದ್ದಳು. ಅದರ ಸಾಲದ ಅರ್ಜಿಯನ್ನು ಜನವರಿ ಎರಡಕ್ಕೆ ಆರ್ವಿಡ್ ಬರೆಯಬೇಕಿತ್ತು.

“ಅಯ್ಯೋ, ಈ ಮೇಷ್ಟ್ರು...” ಎಂದಳು ವರ್ನಾ, ಪರದೆಯತ್ತ ಬಗ್ಗಿ.

“ಶ್! ವರ್ನಮ್ಮ, ದಮ್ಮಯ್ಯ ಅಂತೀನಿ, ಮುಗಿಯೋವರ್ಗೂ ತುಟಿ ಬಿಚ್ಚಬೇಡಿ! ಲೈಸೆನ್ಸ್ ಹೋದ್ರೆ ನಿಮ್ಮ ಸರೋವರಾನೂ ಹೋಯ್ತು.”

ವರ್ನಾ ಪಾತ್ರೆಯನ್ನು ಓವನ್ನಿಗೆ ತಳ್ಳಿ, ಮುಖ ಊದಿಸಿಕೊಂಡು ಮೂಲೆಯಲ್ಲಿ ಹೆಣಿಗೆ ಹಿಡಿದು ಕೂತಳು.

ಆಮೇಲೆ ನಡೆದದ್ದು ಪವಾಡ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಆರ್ವಿಡನ ಬಾಯಿಂದ ಉತ್ತರ! ಸುಳ್ಳು ಸಂಬಳದ ಚೀಟಿ ತಂದವನ ಕತೆ ಅರ್ಧಕ್ಕೆ ಬಂದಾಗಲೇ, “ಆ ಚೀಟಿ ಅವನ ಅಳಿಯಂದು ಸಾರ್” ಎಂದುಬಿಟ್ಟ. ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. ಆರ್ವಿಡನಿಗೇ ಮೈ ಜುಮ್ಮೆಂದಿತು. ಇಷ್ಟು ಜ್ಞಾನ ಇಷ್ಟು ದಿನ ತನ್ನೊಳಗೆ ಎಲ್ಲಿ ಅಡಗಿತ್ತು?

ವರ್ನಾ ಕೈ ಎತ್ತಿದಳು. ಆರ್ವಿಡ್ ಕಣ್ಣಲ್ಲೇ ಗದರಿಸಿದ. ಓವನ್ನಿನಿಂದ ಹೊಗೆ ಬಂತು. ಅವಳು ಮಾತಾಡುವಂತಿಲ್ಲ, ಅವನು ಏಳುವಂತಿಲ್ಲ. ಹೊಗೆ ಕಂಡರೆ ಬಾರಿಸುವ ಅಪಾಯದ ಗಂಟೆ ಕಿರುಚತೊಡಗಿತು. ಎದುರುಮನೆಯ ನೀಲ್ಸ್ ಹಿಮದ ಸಲಿಕೆಯಿಂದ ಕಿಟಕಿ ಬಡಿದು, “ಬೆಂಕಿ ಬಿದ್ದಿದೆ ಕಣೋ!” ಎಂದು ಕೂಗಿದ. ವರ್ನಾ ಕೆಮ್ಮುತ್ತ ಓವನ್ ಆರಿಸಿ ಬಂದರೂ ಆರ್ವಿಡ್ ಕಣ್ಣೀರು ಸುರಿಸುತ್ತ, ಕುರ್ಚಿಗೆ ಅಂಟಿಕೊಂಡು, ಉತ್ತರ ಹೇಳುತ್ತಲೇ ಇದ್ದ.

ಕೊನೆಯ ಪ್ರಶ್ನೆ ಬಂತು. “ಹೋದ ವರ್ಷ ಕೇಳಿದ ಪಾಠವನ್ನೇ ಈ ವರ್ಷವೂ ಕೇಳಿದ್ರೆ?”

“ಲೆಕ್ಕಕ್ಕೆ ಬರಲ್ಲ ಸಾರ್!”

“ನೂರಕ್ಕೆ ನೂರು! ಇಪ್ಪತ್ತು ವರ್ಷದಲ್ಲಿ ಇಂಥ ಶಿಷ್ಯನನ್ನ ನೋಡಿಲ್ಲ ಕಣಯ್ಯಾ.” ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಐದೂಕಾಲಿಗೆ ಪರದೆಯ ಮೇಲೆ ಲೈಸೆನ್ಸ್ ಕಚೇರಿಯ ಪತ್ರ ಬಂತು. ಆರ್ವಿಡ್ ಅದನ್ನು ಎರಡು ಸಲ ಓದಿದ. ಕಳೆದ ವರ್ಷ ತಾವು ಮುಗಿಸಿದ ಪಾಠ ಇದೇ ಆಗಿರುವುದರಿಂದ ಈ ಎಂಟು ಗಂಟೆಗಳನ್ನು ಪರಿಗಣಿಸಲಾಗದು. ಅವನಿಗೇ ನೆನಪಿಲ್ಲದ್ದನ್ನು ನಿಯಮ ನೆನಪಿಟ್ಟುಕೊಂಡಿತ್ತು.

“ಅದನ್ನೇ ಹೇಳಕ್ಕೆ ಬಂದೆ ನಾನು,” ಎಂದಳು ವರ್ನಾ, ಬೆಳಗಿನ ಆ ಗದರಿಕೆಯ ನಂತರ ಮೊದಲ ಸಲ ತುಟಿ ಬಿಚ್ಚಿ. “ಹೋದ ಡಿಸೆಂಬರಲ್ಲೂ ಇದೇ ಮೇಷ್ಟ್ರು, ಇದೇ ಅಳಿಯ. ಈ ಮೂಲೇಲೇ ಕೂತು ಕೇಳಿದ್ದೆ.”

“ಮತ್ತೆ ಹೇಳ್ಬಾರ್ದಾ ವರ್ನಮ್ಮ!”

“ತುಟಿ ಬಿಚ್ಚಬೇಡಿ ಅಂದೋನು ಯಾರಪ್ಪಾ?” ವರ್ನಾ ಕರಿಹಿಡಿದ ಪಾತ್ರೆಯನ್ನು ಕಂಕುಳಿಗೇರಿಸಿ ಬಾಗಿಲಲ್ಲಿ ತಿರುಗಿದಳು. “ಅದಿರ್ಲಿ, ಈ ಊರಲ್ಲಿ ಪಾಠ ಮುಗಿಸಿರೋರು ಬೇರೆ ಯಾರಿದ್ದಾರೆ ಹೇಳು. ನಾಳಿದ್ದು ಅರ್ಜಿ ಕೊಡ್ಬೇಕು.”