ನಮ್ಮ ಮನೆಯ ಬೋರ್ಡ್ ಕೂಡಿದ್ದು

ತಪ್ಪು ಮಾಡಿ ಸಿಕ್ಕಿಬೀಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಏನೂ ಮಾಡದೆ ಸಿಕ್ಕಿಬಿದ್ದವನು. ಸುಮ್ಮನೆ ಕೂತವನ ತಂಟೆಗೆ ಯಾರೂ ಬರುವುದಿಲ್ಲ ಎಂದು ನಂಬಿಕೊಂಡೇ ಐವತ್ತು ದಾಟಿದೆ. ಹೊಟ್ಟೆಪಾಡಿಗೆ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದೇನೆ. ಹತ್ತು ನಿಮಿಷ ತಡವಾಗಿ ಬಂದವನ ಹೆಸರಿನ ಮುಂದೆ ಕೆಂಪು ಗೀಟು ಎಳೆಯುವುದು ನನ್ನ ಉದ್ಯೋಗ, ಅದನ್ನು ಬಹಳ ಸಂತೋಷದಿಂದಲೇ ಮಾಡುತ್ತೇನೆ. ಅಂಥ ನಾನೇ ಸರ್ಕಾರದ ಲೆಕ್ಕದಲ್ಲಿ ಎರಡು ವರ್ಷ ತಡವಾಗಿದ್ದೆ ಎಂದರೆ ನೀವು ನಗುತ್ತೀರಿ. ನಗಿರಿ, ಕಾರ್ಖಾನೆಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

ನನ್ನ ಹೆಂಡತಿ ಸುವರ್ಣಾ ರಬಕವಿಯ ನೇಕಾರರ ಮನೆಯ ಮಗಳು. ಬನಹಟ್ಟಿಯ ನಮ್ಮ ಮನೆಯಲ್ಲೂ ಅವಳ ಮಗ್ಗ ನಡೆಯುತ್ತದೆ. ಮೂರು ವರ್ಷದ ಹಿಂದೆ, ಅವಳು ನೇಯ್ದ ಸೀರೆಗಳನ್ನು ಮಾರಲು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡೋಣ ಎಂಬ ಹುಕಿ ನನಗೆ ಹತ್ತಿತು. ‘ಸೀರಿ ಮಾರಾಕ ಕಂಪನಿ ಯಾಕ ಬೇಕ್ರಿ? ಗಂಟ ಕಟ್ಕೊಂಡು ಹೋದ್ರ ಸಾಕಲ್ಲ’ ಎಂದು ಅವಳು ಅಂದೇ ಹೇಳಿದ್ದಳು. ಖರೆ ಹೇಳಬೇಕೆಂದರೆ ನನಗೆ ಬೇಕಾಗಿದ್ದುದು ವ್ಯಾಪಾರವಲ್ಲ. ನಮ್ಮ ಕಡೆಯ ಮದುವೆ ಪತ್ರಿಕೆಗಳಲ್ಲಿ ನೆಂಟರ ಹೆಸರಿನ ಕೆಳಗೆ ಅವರವರ ಹುದ್ದೆಯನ್ನೂ ಅಚ್ಚು ಹಾಕಿಸುತ್ತಾರೆ. ‘ಟೈಮ್‌ಕೀಪರ್’ ಎಂದು ಎಷ್ಟು ವರ್ಷ ಓದಿಕೊಳ್ಳಲಿ? ‘ಡೈರೆಕ್ಟರ್’ ಎಂದು ಒಮ್ಮೆ ಓದಿಕೊಳ್ಳಬೇಕಿತ್ತು. ಕಾಯದೆಯ ಪ್ರಕಾರ ಕನಿಷ್ಠ ಇಬ್ಬರು ಡೈರೆಕ್ಟರುಗಳು ಬೇಕು ಎಂದರು, ಅವಳ ಸಹಿಯನ್ನೂ ಹಾಕಿಸಿದೆ. ಬಾಗಿಲ ಮೇಲೆ ದೊಡ್ಡ ಬೋರ್ಡ್ ಏರಿತು. ಮೂರು ಸೀರೆ ಮಾರಿದೆವು. ಅದರಲ್ಲೊಂದನ್ನು ಕೊಂಡವಳು ನನ್ನ ತಂಗಿ, ಅವಳೂ ಬಣ್ಣ ಹಿಡಿಸಲಿಲ್ಲವೆಂದು ವಾಪಸು ತಂದುಕೊಟ್ಟಳು. ಆಮೇಲೆ ಕಂಪನಿ ಮಲಗಿತು, ನಾನೂ ಎಬ್ಬಿಸಲು ಹೋಗಲಿಲ್ಲ. ಇಂಗ್ಲಿಷಿನಲ್ಲಿ ಏನೇನೋ ಮೇಲ್ ಬರುತ್ತಿದ್ದವು. ಸಾಲ ಕೊಡುವವರ ಕಾಟ ಎಂದುಕೊಂಡು ಅಳಿಸಿಹಾಕುತ್ತಿದ್ದೆ.

ಈ ವರ್ಷ ರಬಕವಿ-ಬನಹಟ್ಟಿಯ ನೇಕಾರ ಹೆಣ್ಣುಮಕ್ಕಳು ಕೂಡಿ ತಮ್ಮದೇ ಉತ್ಪಾದಕರ ಕಂಪನಿ ಕಟ್ಟಲು ಹೊರಟರು. ನೂಲನ್ನು ಒಟ್ಟಿಗೆ ಕೊಳ್ಳುವುದು, ನೇಯ್ದದ್ದನ್ನು ದಲ್ಲಾಳಿಯಿಲ್ಲದೆ ತಾವೇ ಮಾರುವುದು. ಸುವರ್ಣಾಳನ್ನು ಡೈರೆಕ್ಟರ್ ಎಂದು ಆರಿಸಿದರು. ಅವತ್ತು ಅವಳ ಮುಖದ ಕಳೆಯನ್ನು ನೀವು ನೋಡಬೇಕಿತ್ತು, ನಮ್ಮ ಮದುವೆಯ ದಿನವೂ ಅಷ್ಟು ಇರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ. ಜಮಖಂಡಿಯಲ್ಲಿ ಕಂಪನಿಗಳ ಕಾಗದಪತ್ರ ನೋಡುವ ಬಸವರಾಜ ಎಂಬವರಿದ್ದಾರೆ. ಇಬ್ಬರೂ ಅವರ ಹತ್ತಿರ ಹೋದೆವು. ಅವರು ಸುವರ್ಣಾಳ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿ, ಕನ್ನಡಕ ತೆಗೆದು, ಅವಳನ್ನು ಬಿಟ್ಟು ನನ್ನನ್ನು ನೋಡಿದರು.

‘ಅಕ್ಕಾರು ಮೊದಲ ಒಂದ ಕಂಪನಿಯೊಳಗ ಡೈರೆಕ್ಟರ್ ಅದಾರಲ್ರಿ. ಎರಡ ವರ್ಷದಿಂದ ಅದರ ರಿಟರ್ನ್ಸ್ ಹಾಕಿಲ್ಲ. ಬೋರ್ಡ್ ಎಷ್ಟ ಸಲ ಕೂಡೇತ್ರಿ?’

‘ಎರಡ ಸಲ ಕೂಡ್ಸೇನ್ರಿ’ ಎಂದೆ ಹೆಮ್ಮೆಯಿಂದ. ‘ಮೊದಲ್ನೇ ಸಲ ಗಾಳಿಗೆ ಬಿತ್ತು. ಎರಡ್ನೇ ಸಲ ತಂತಿ ಬಿಗದು ಕೂಡ್ಸೇನಿ, ಈಗ ಅಳ್ಳಾಡಂಗಿಲ್ಲ ನೋಡ್ರಿ.’

ಬಸವರಾಜರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಬೋರ್ಡ್ ಎಂದರೆ ಡೈರೆಕ್ಟರುಗಳ ಸಭೆ ಎಂದೂ, ಅದು ಕೂಡಿ ಲೆಕ್ಕಪತ್ರ ಒಪ್ಪಿ ವರ್ಷಕ್ಕೊಮ್ಮೆ ಸರ್ಕಾರಕ್ಕೆ ಕಳಿಸಬೇಕೆಂದೂ ಸಾಲಿ ಹುಡುಗನಿಗೆ ಹೇಳುವಂತೆ ಹೇಳಿದರು. ‘ಅಲ್ರೀ, ವ್ಯಾಪಾರನ ಆಗಿಲ್ಲ. ಏನಂತ ಬರದು ಕಳಸೂದು?’ ಎಂದು ನಾನೂ ಬಿಡಲಿಲ್ಲ.

‘ಏನೂ ಆಗಿಲ್ಲ ಅಂತನ ಬರೀಬೇಕ್ರಿ. ಬರೀಲಿಲ್ಲಂದ್ರ ಒಂದೊಂದ ಫಾರ್ಮಿಗೆ ದಿನಕ್ಕ ನೂರ ರೂಪಾಯಿ. ರೊಕ್ಕಂತೂ ಹೋಗ್ಲಿ, ಈ ಮೂರನೇ ವರ್ಷಾನೂ ತಪ್ಪಿದ್ರ ಇಬ್ಬರೂ ಐದ ವರ್ಷ ಯಾವ ಕಂಪನಿಗೂ ಡೈರೆಕ್ಟರ್ ಆಗಂಗಿಲ್ಲ. ಅಕ್ಕಾರು ಹೊಸಾ ಕಂಪನಿ ಆಸೆ ಬಿಡಬೇಕಾಗತೈತಿ.’

ಬನಹಟ್ಟಿಯ ಬಸ್ಸು ಹಿಡಿದೆವು. ಮನೆಗೆ ಬಂದು ಸುವರ್ಣಾ ಒಂದು ತಂಬಿಗೆ ನೀರು ಕುಡಿದು, ‘ನಿಮ್ಮ ಹೆಸರು ದೊಡ್ಡದು ಮಾಡ್ಕೊಳ್ಳಾಕ ಹೋಗಿ ನನ್ನ ಹೆಸರು ಕೆಡಿಸಿದ್ರೆಲ್ಲ. ನಾ ಏನ ಪಾಪ ಮಾಡಿದ್ನಿ?’ ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಹೊಸ ಮೋಟಾರ್‌ಸೈಕಲ್ಲಿಗೆಂದು ಕೂಡಿಟ್ಟಿದ್ದನ್ನು ಮರುದಿನವೇ ಬ್ಯಾಂಕಿನಿಂದ ತೆಗೆದು ತಂದು, ದಂಡ ಕಟ್ಟಲೆಂದು ಅವಳ ಮುಂದಿಟ್ಟೆ. ನಾನು ಇನ್ನೂ ಹಳೆಯ ಗಾಡಿಯನ್ನೇ ಒದೆಯುತ್ತಿದ್ದೇನೆ.

ಈ ಕಾಗದಗಳಿಗೆ ಪೆನ್ನಿನಲ್ಲಿ ಸಹಿ ಮಾಡುವಂತಿಲ್ಲ. ಪೆನ್ ಡ್ರೈವಿನಂಥ ಒಂದು ಪುಟ್ಟ ವಸ್ತು ಇರುತ್ತದೆ, ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಸಹಿ ಬೀಳುತ್ತದೆ. ಇಬ್ಬರಿಗೂ ಒಂದೊಂದು ಬಂತು. ಅಷ್ಟರಲ್ಲಿ ಮಹಾನವಮಿಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯೂ ಬಂತು. ಅನ್ನ ಕೊಡುವ ಮಗ್ಗದ ಲಾಳಿ, ಕತ್ತರಿ, ಹಣಿಗೆಗಳನ್ನೆಲ್ಲ ಸುವರ್ಣಾ ದೇವರ ಜಗುಲಿಯ ಮೇಲೆ ಇಟ್ಟಳು. ಡೈರೆಕ್ಟರನ ಆಯುಧ ಯಾವುದು? ನಾನು ನನ್ನ ಸಹಿಯನ್ನು ಲಾಳಿಯ ಪಕ್ಕದಲ್ಲಿಟ್ಟು, ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದ ನೀರನ್ನು ಕೈಬಿಚ್ಚಿ ಚಿಮುಕಿಸಿದೆ. ‘ಅದಕ್ಯಾಕ್ರಿ?’ ಎಂದಳು. ‘ನಿನಗ ತಿಳಿಯಂಗಿಲ್ಲ, ಸುಮ್ನಿರು’ ಎಂದೆ.

ಕೊನೆಯ ತಾರೀಖಿಗೆ ಎರಡು ದಿನ ಇರುವಾಗ ಜಮಖಂಡಿಯಲ್ಲಿ ಬಸವರಾಜರು ಅದನ್ನು ಚುಚ್ಚಿದರು. ಕಂಪ್ಯೂಟರ್ ಮಿಸುಕಲಿಲ್ಲ. ಅಲ್ಲಾಡಿಸಿ ಚುಚ್ಚಿದರು, ತಿರುವಿ ಚುಚ್ಚಿದರು, ಕೊನೆಗೆ ಗುಂಡುಸೂಜಿಯಿಂದ ಕೆದಕಿದರೆ ಒಳಗಿನಿಂದ ಕೆಂಪು ರಾಡಿ ಬಂತು. ‘ಇಷ್ಟ ಭಕ್ತಿ ಇದ್ದಾವ್ರು ಎರಡ ವರ್ಷ ಎಲ್ಲಿ ಹೋಗಿದ್ರಿ ಸಾಹೇಬ್ರ?’ ಎಂದರು. ಇದು ಕೈಕೊಟ್ಟರೆ ಸುವರ್ಣಾಳ ಐದು ವರ್ಷ ಹೋದಂತೆಯೇ. ಅವಳು ತನ್ನ ಚೀಲದಿಂದ, ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ತನ್ನ ಸಹಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಒಬ್ಬ ಡೈರೆಕ್ಟರರ ಸಹಿ ಇದ್ದರೆ ಸಾಕಂತೆ, ಮೂರು ವರ್ಷದ ಕಾಗದಗಳೂ ಅವಳ ಸಹಿಯಲ್ಲೇ ಹೋದವು. ‘ಆತು ನೋಡ್ರಿ, ಅಕ್ಕಾರ ಹೆಸರು ಉಳೀತು’ ಎಂದರು ಬಸವರಾಜರು. ನನ್ನ ಹೆಸರೂ ಉಳಿದಿತ್ತು, ಅದನ್ನು ಯಾರೂ ಹೇಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಮ್ಮ ಬೋರ್ಡ್ ಮತ್ತೆ ಕೂಡಿತು. ಅಮಾವಾಸ್ಯೆಯೇ ಯಾಕೆಂದರೆ ಅವತ್ತು ನಮ್ಮಲ್ಲಿ ಮಗ್ಗಗಳಿಗೆ ರಜೆ, ಬೇರೆ ದಿನ ಎರಡನೆಯ ಡೈರೆಕ್ಟರಿಗೆ ಪುರುಸೊತ್ತಿಲ್ಲ. ‘ನಿಮ್ಮ ಅಕ್ಷರ ಛಲೋ ಅದಾವ, ನಡಾವಳಿ ನೀವ ಬರೀರಿ. ಅಧ್ಯಕ್ಷರ ಕೆಲಸ ನಾ ನೋಡ್ಕೋತೇನಿ’ ಎಂದಳು. ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡೆ. ಅವಳು ಕುರ್ಚಿಯಲ್ಲಿ ಕೂತು ಒಂದೇ ಒಂದು ನಿರ್ಣಯ ಮಂಡಿಸಿದಳು: ಈ ಕಂಪನಿಯನ್ನು ಮುಚ್ಚುವುದು.

‘ನಾ ಒಪ್ಪಂಗಿಲ್ಲ’ ಎಂದೆ. ‘ಪರ ಒಂದು, ವಿರೋಧ ಒಂದು. ಸಮ ಆತು. ಸಭಾ ಮುಗೀತು.’

‘ಕುಂದ್ರಿ. ಸಮ ಆದ್ರ ಅಧ್ಯಕ್ಷರಿಗೆ ಇನ್ನೊಂದ ಓಟ್ ಇರತೈತಂತ, ಕೇಳ್ಕೊಂಡ ಬಂದೇನಿ. ಅದನ್ನೂ ಹಾಕೇನಿ. ಬರೀರಿ.’

‘ಒಬ್ಬ ಡೈರೆಕ್ಟರರ ತೀವ್ರ ವಿರೋಧದ ನಡುವೆ...’ ಎಂದು ನಾನು ಬರೆಯತೊಡಗಿದೆ. ಅವಳು ಬಗ್ಗಿ ನೋಡಿದಳು.

‘ಅದನ್ನ ಹೊಡದ ಹಾಕ್ರಿ. ಸರ್ವಾನುಮತದಿಂದ ಅಂತ ಬರೀರಿ.’

ಬರೆದೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆಯ ನಿರ್ಣಯಗಳೆಲ್ಲ ಸರ್ವಾನುಮತದಿಂದಲೇ ಆಗುತ್ತ ಬಂದಿವೆ. ನನ್ನ ಕೈಯಿಂದಲೇ ಬರೆಸಿಕೊಂಡದ್ದು ಮಾತ್ರ ಇದೇ ಮೊದಲು.